ಪಂಪಿಗೆ ಬಿಡುವುದು, ಕೈಯಲ್ಲಿ ಇಟ್ಟುಕೊಳ್ಳುವುದು

ತಂಗೀ, ನಿನ್ನ ಸೊಂಟಕ್ಕೆ ಇನ್ಸುಲಿನ್ ಪಂಪು ಬಂದ ಮೇಲೆ ಇಳಕಲ್ಲಿನ ನಿಮ್ಮ ಮನೆಯಲ್ಲಿ ಎಲ್ಲರೂ ‘ಇನ್ನ ಚಿಂತಿ ಬಿಡ್ರಿ, ಎಲ್ಲಾ ಅದ ನೋಡ್ಕೊಂತೈತಿ’ ಅನ್ನುತ್ತಿದ್ದಾರಂತೆ. ಆ ಮಾತು ಅರ್ಧ ನಿಜ. ಅದನ್ನೇ ನಂಬಿ ಕೂತರೂ ತೊಂದರೆ, ನಂಬದೆ ದಿನವಿಡೀ ಅದರ ಗುಂಡಿ ಒತ್ತುತ್ತ ಕೂತರೂ ತೊಂದರೆ. ಯಾವುದನ್ನು ಅದಕ್ಕೆ ಬಿಡಬೇಕು, ಯಾವುದನ್ನು ಬಿಡಲೇಬಾರದು ಅನ್ನುವುದು ತಿಳಿದರೆ ಮುಕ್ಕಾಲು ಕೆಲಸ ಆದಂತೆ. ನಾನು ಡಾಕ್ಟರಲ್ಲ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಮನೆಗೆ ಬಂದವಳು. ಆದರೆ ನಿನಗಿರುವ ಟೈಪ್ 1 ಮಧುಮೇಹವೇ ನನಗೂ ಲಂಗ ಉಡುವ ವಯಸ್ಸಿನಿಂದ ಇದೆ. ಪಂಪು ಬಂದದ್ದು ಮಾತ್ರ ತಲೆ ನರೆತ ಮೇಲೆ. ಡೋಸು ಎಷ್ಟು ಅನ್ನುವುದನ್ನು ನಿನ್ನ ಡಾಕ್ಟರು ಹೇಳಲಿ. ಪಂಪು ಕಟ್ಟಿಕೊಂಡು ಬಾಳುವುದು ಹೇಗೆ ಅನ್ನುವುದನ್ನು ನಾನು ಹೇಳುತ್ತೇನೆ.

ನಮ್ಮ ಕಾಲದ್ದು ಸ್ವಲ್ಪ ಕೇಳು, ಉದ್ದ ಮಾಡುವುದಿಲ್ಲ. ಗಾಜಿನ ಸಿರಿಂಜು, ಸ್ಟೀಲಿನ ಸೂಜಿ, ಬೆಳಗಾದರೆ ಒಲೆಯ ಮೇಲೆ ಕುದಿಸುವುದು. ಸಕ್ಕರೆ ನೋಡುತ್ತಿದ್ದದ್ದು ರಕ್ತದಲ್ಲಲ್ಲ, ಮೂತ್ರದಲ್ಲಿ. ಬೆನೆಡಿಕ್ಟ್ ದ್ರಾವಣಕ್ಕೆ ಕೆಲವು ಹನಿ ಹಾಕಿ ಕಾಯಿಸಿದಾಗ ನೀಲಿ ನೀಲಿಯಾಗೇ ಉಳಿದರೆ ಸಮಾಧಾನ. ಹಸಿರು, ಹಳದಿ ದಾಟಿ ಇಟ್ಟಂಗಿ ಬಣ್ಣಕ್ಕೆ ಹೋದರೆ ಅವ್ವನ ಮುಖ ಸಣ್ಣದಾಗುತ್ತಿತ್ತು. ಅದೂ ಕೆಲವು ತಾಸಿನ ಹಿಂದಿನ ಸುದ್ದಿ. ಹಾಗೆಂದು ‘ನೀವು ಪುಣ್ಯವಂತರು’ ಎಂದು ನಿನ್ನ ಬಾಯಿ ಮುಚ್ಚಿಸಲು ಹೊರಟಿಲ್ಲ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಇನ್ಸುಲಿನ್ ಕೊಟ್ಟರು. ಅದಕ್ಕೂ ಮೊದಲು ಈ ಕಾಯಿಲೆಯ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಆ ಲೆಕ್ಕದಲ್ಲಿ ನಾನೂ ಪುಣ್ಯವಂತೆಯೇ. ಹೇಳಬೇಕಾದ್ದು ಬೇರೆ. ಇಷ್ಟು ವರ್ಷ ನಾವು ಊಹೆಯ ಮೇಲೆ ಬದುಕಿದವರು. ಈಗ ಏರಿರಬೇಕು, ಎರಡು ಯೂನಿಟ್ ಹೆಚ್ಚಿಗೆ ಚುಚ್ಚಿಕೊಳ್ಳೋಣ; ಈಗ ಇಳಿದಿರಬೇಕು, ಒಂದು ಉಂಡೆ ಬೆಲ್ಲ ತಿನ್ನೋಣ. ಪೆನ್ನಿನಲ್ಲಿ ಚುಚ್ಚಿಕೊಂಡು ಬೆಳೆದ ನಿನಗೂ ಆ ಚಟ ಹತ್ತಿದೆ. ಪಂಪಿಗೆ ಒಗ್ಗಿಕೊಳ್ಳುವುದೆಂದರೆ ಯಂತ್ರ ಕಲಿಯುವುದಲ್ಲ, ಅದನ್ನು ನೀನು ವಾರದಲ್ಲೇ ಕಲಿಯುತ್ತೀ. ಆ ಚಟ ಬಿಡುವುದಿದೆಯಲ್ಲ, ಅದು ಕಷ್ಟ.

ಪಂಪು ಏನು ಮಾಡುತ್ತದೆ ಅನ್ನುವುದು ಮೊದಲು ಗೊತ್ತಿರಲಿ. ತೋಳಿನ ಸೆನ್ಸರ್ ಚರ್ಮದ ಕೆಳಗಿನ ದ್ರವದಲ್ಲಿ ಸಕ್ಕರೆ ನೋಡಿ ಪಂಪಿಗೆ ತಿಳಿಸುತ್ತದೆ. ಮಿನಿಮೆಡ್ 780ಜಿ ಥರದ ಪಂಪಾದರೆ ಐದೈದು ನಿಮಿಷಕ್ಕೆ ಲೆಕ್ಕ ಹಾಕಿ ಚೂರುಚೂರೇ ಇನ್ಸುಲಿನ್ ಬಿಡುತ್ತದೆ, ಬೇಡವೆನಿಸಿದರೆ ನಿಲ್ಲಿಸುತ್ತದೆ. ಹುನಗುಂದ ಸೀಮೆಯ ರಾಮಥಾಳ-ಮರೋಳ ಹನಿ ನೀರಾವರಿ ಕೇಳಿದ್ದೀಯಲ್ಲ, 24 ಸಾವಿರ ಹೆಕ್ಟೇರಿಗೆಂದು ಹಾಕಿದ್ದು? ಪೆನ್ನಿನಲ್ಲಿ ಚುಚ್ಚಿಕೊಳ್ಳುವುದೆಂದರೆ ಕಾಲುವೆ ಕಡಿದು ಹೊಲಕ್ಕೆ ನೀರು ಹಾಯಿಸಿದ ಹಾಗೆ. ಪಂಪು ಬುಡಕ್ಕೆ ಹನಿ ಹಾಕುತ್ತದೆ. ನೀರು ಉಳಿಯುತ್ತದೆ, ಬೆಳೆ ಕೊಳೆಯುವುದಿಲ್ಲ, ಎಲ್ಲ ಸರಿ. ಆದರೆ ನಳಿಕೆ ಕಟ್ಟಿಕೊಂಡರೆ ಹನಿಯ ಬೆಳೆ ಬೇಗ ಬಾಡುತ್ತದೆ, ಯಾಕೆಂದರೆ ನೆಲದಲ್ಲಿ ಹಸಿ ಉಳಿದಿರುವುದಿಲ್ಲ. ಈ ಕೊನೆಯ ಮಾತು ನೆನಪಿಟ್ಟುಕೊ, ಮುಂದೆ ಬೇಕಾಗುತ್ತದೆ.

ಪಂಪಿಗೆ ಗೊತ್ತಾಗದ ಸಂಗತಿ ಒಂದಿದೆ: ನೀನು ಉಣ್ಣಲು ಕೂತಿದ್ದೀ ಅನ್ನುವುದು. ಈ ಪಂಪುಗಳನ್ನು ‘ಹೈಬ್ರಿಡ್’ ಅನ್ನುವುದು ಅದಕ್ಕೇ. 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲನೆಯದೂ ಹಾಗೇ, ಈಗಿನದೂ ಹಾಗೇ. ಊಟದ ಲೆಕ್ಕ ನೀನೇ ಹೇಳಬೇಕು, ಉಣ್ಣುವ ಮೊದಲೇ ಹೇಳಬೇಕು. ಚರ್ಮದ ಕೆಳಗೆ ಬಿಟ್ಟ ಇನ್ಸುಲಿನ್ ಕೆಲಸ ಶುರು ಮಾಡಲು ಹತ್ತು-ಹದಿನೈದು ನಿಮಿಷ ಬೇಕು, ಪೂರ್ತಿ ಜೋರು ಬರಲು ಒಂದು ತಾಸಿನ ಮೇಲೆ. ಸೆನ್ಸರ್ ಕೂಡ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆಯೇ ಇರುತ್ತದೆ. ಗಂಗಾಳದ ಮುಂದೆ ಕೂತು ಎರಡು ತುತ್ತು ಉಂಡ ಮೇಲೆ ನೆನಪಾದರೆ ಪಂಪು ಎಷ್ಟು ಓಡಿದರೂ ಸಕ್ಕರೆಯನ್ನು ಹಿಡಿಯಲಾರದು. ಅವ್ವ ರೊಟ್ಟಿ ಬಡಿಯಲು ಕೂತಾಗ, ಹಂಚು ಕಾಯುವ ಹೊತ್ತಿಗೆ ಬೋಲಸ್, ಅಂದರೆ ಊಟದ ಡೋಸು, ಕೊಟ್ಟುಬಿಡು. ನಮ್ಮ ಮನೆಗಳಲ್ಲಿ ಇದಕ್ಕಿಂತ ಒಳ್ಳೆಯ ಅಲಾರಾಂ ಇಲ್ಲ.

ರೊಟ್ಟಿಯ ಮಾತು ಬಂತು, ಒಂದು ಸುಳ್ಳು ನಂಬಿಕೆ ಒಡೆಯಬೇಕು. ‘ಜ್ವಾಳದ ರೊಟ್ಟಿಗೆ ಸಕ್ರಿ ಏರಂಗಿಲ್ಲ’ ಅಂತ ಬಾಗಲಕೋಟೆಯಿಂದ ಬಾದಾಮಿವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ಏರುತ್ತದೆ. ಅನ್ನಕ್ಕಿಂತ ನಿಧಾನ ಏರಬಹುದು, ಏರುವುದಂತೂ ಏರುತ್ತದೆ. ಜೋಳದ ಹಿಟ್ಟಿನ ತೂಕದಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಕಾರ್ಬೋಹೈಡ್ರೇಟು. 50 ಗ್ರಾಂ ಹಿಟ್ಟಿನ ರೊಟ್ಟಿ ಅಂದರೆ ಸುಮಾರು 33 ಗ್ರಾಂ. ನಿಮ್ಮವ್ವ ಬಡಿಯುವ ರೊಟ್ಟಿ ಎಷ್ಟು ದೊಡ್ಡದು ಅಂತ ನನಗೆ ಗೊತ್ತಿಲ್ಲ, ಇಂಟರ್‌ನೆಟ್ಟಿಗೂ ಗೊತ್ತಿಲ್ಲ. ಒಂದು ಅಡಿಗೆಮನೆಯ ತಕ್ಕಡಿ ತಂದು, ಹಿಟ್ಟಿನ ಉಂಡೆಗೆ ಎಷ್ಟು ಒಣಹಿಟ್ಟು ಹೋಗುತ್ತದೆ ಎಂದು ಒಂದು ಸಲ ತೂಗಿ ಬರೆದಿಟ್ಟುಕೊ. ಬಿಸಿ ರೊಟ್ಟಿ ಆದರೇನು, ಕಡಕ್ ರೊಟ್ಟಿ ಆದರೇನು, ಹಿಟ್ಟು ಅಷ್ಟೇ. ಕಡಕ್ ರೊಟ್ಟಿ ಹಗುರ ಅನ್ನಿಸಿ ಮೂರು ಮುರಿದು ತಿಂದರೆ ಲೆಕ್ಕವೂ ಮೂರರದ್ದೇ. ಎಣ್ಣಿಗಾಯಿ, ಝುಣಕ, ಶೇಂಗಾ ಚಟ್ನಿ ಇವು ರೊಟ್ಟಿಯನ್ನು ಹೊಟ್ಟೆಯಲ್ಲಿ ನಿಧಾನ ಮಾಡುತ್ತವೆ. ಆ ಹಿಂದೆ ಬರುವ ಏರಿಕೆಯನ್ನು ಪಂಪು ನೋಡಿಕೊಳ್ಳಲಿ, ಅದಕ್ಕೆ ಬಿಡು. ನಿಜಕ್ಕೂ ಬೇಗ ಏರಿಸುವುದು ಸಂಜೆಯ ಚುರುಮುರಿ. ಮಿರ್ಚಿಯ ಮೇಲೆ ಆಪಾದನೆ ಹೊರಿಸುತ್ತೇವೆ, ಕೆಲಸ ಮಾಡುವುದು ಚುರುಮುರಿ.

ಇನ್ನೊಂದು ಜಾಣತನ ಹುಡುಗರಲ್ಲಿ ಕಂಡಿದ್ದೇನೆ. ಸಕ್ಕರೆ 220 ತೋರಿಸಿದರೆ, ಪಂಪು ನಿಧಾನ ಅಂತ ಸಿಟ್ಟು ಬಂದು, ತಿನ್ನದ ಊಟವನ್ನು ತಿಂದೆ ಅಂತ ಸುಳ್ಳು ಬರೆದು ಹೆಚ್ಚು ಇನ್ಸುಲಿನ್ ತೆಗೆದುಕೊಳ್ಳುವುದು. ಅದನ್ನು ಮಾಡಬೇಡ. ಪಂಪು ಈಗಾಗಲೇ ಕೊಟ್ಟದ್ದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ನಿಧಾನ ಹೋಗುತ್ತಿರುತ್ತದೆ. ನೀನು ಮೇಲಿಂದ ಸುರಿದರೆ ಎರಡು ತಾಸಿಗೆ ಕೈ ನಡುಗುತ್ತದೆ, ಆಮೇಲೆ ಸಕ್ಕರೆ ತಿನ್ನುತ್ತೀ, ಮತ್ತೆ ಏರುತ್ತದೆ. ಯಂತ್ರ ಕಲಿಯುವುದು ನಿನ್ನ ಪ್ರತಿದಿನದ ಇನ್ಸುಲಿನ್ ನೋಡಿ. ಅದಕ್ಕೆ ಸುಳ್ಳು ಹೇಳಿದರೆ ಅದರ ಲೆಕ್ಕವೂ ಸುಳ್ಳಾಗುತ್ತದೆ.

ಇಳಿದಾಗಲೂ ಅಷ್ಟೇ. ಪೆನ್ನಿನ ಕಾಲದಲ್ಲಿ 70ರ ಕೆಳಗೆ ಬಂದರೆ 15 ಗ್ರಾಂ ಸಕ್ಕರೆ, 15 ನಿಮಿಷ ಕಾಯುವುದು ಅಂತ ಕಲಿಸಿದ್ದರು. ಈಗ ನೀನು ನೋಡುವ ಮೊದಲೇ ಪಂಪು ಇನ್ಸುಲಿನ್ ನಿಲ್ಲಿಸಿರುತ್ತದೆ. ಹಾಗಾಗಿ ಎಷ್ಟೋ ಸಲ ಒಂದೆರಡು ಚಮಚ ಸಕ್ಕರೆ ಕಲಸಿದ ನೀರು ಸಾಕಾಗುತ್ತದೆ. ಊಟದ ಬೋಲಸ್ ಆದ ಮೇಲೆ ಇಳಿದದ್ದಾದರೆ, ಗುಡ್ಡ ಹತ್ತುವಾಗ ಇಳಿದದ್ದಾದರೆ ಹೆಚ್ಚು ಬೇಕು. ನಿನಗೆಷ್ಟು ಅಂತ ಡಾಕ್ಟರನ್ನು ಕೇಳಿ ಇಟ್ಟುಕೊ. ಬಸ್ಸು ಅಮೀನಗಡದಲ್ಲಿ ನಿಂತಾಗ ಇಳಿದಿದ್ದರೆ ಕರದಂಟು ತಿನ್ನುವ ಮನಸ್ಸಾಗುತ್ತದೆ, ನನಗೂ ಆಗುತ್ತದೆ. ತುಪ್ಪ, ಅಂಟು, ಒಣಕೊಬ್ಬರಿ ಇರುವ ಪದಾರ್ಥ ಅದು, ಸಕ್ಕರೆಯನ್ನು ಬೇಗ ಮೇಲೆತ್ತುವುದಿಲ್ಲ. ಚೀಲದಲ್ಲಿ ಗ್ಲೂಕೋಸ್ ಪುಡಿ ಇರಲಿ. ಕರದಂಟನ್ನು ಬೋಲಸ್ ಕೊಟ್ಟು, ಸಮಾಧಾನದಿಂದ, ರುಚಿಗಾಗಿ ತಿನ್ನು.

ಸಂಖ್ಯೆಯ ಹುಚ್ಚು ಬೇಡ. 70ರಿಂದ 180ರ ನಡುವೆ ದಿನದ ಶೇ 70ರಷ್ಟು ಹೊತ್ತು ಇದ್ದರೆ, 70ರ ಕೆಳಗೆ ಶೇ 4ಕ್ಕಿಂತ ಕಡಿಮೆ ಇದ್ದರೆ, ಜಗತ್ತಿನ ಡಾಕ್ಟರುಗಳೇ ಚೆನ್ನಾಗಿದೆ ಅನ್ನುತ್ತಾರೆ. ಅಂದರೆ ದಿನಕ್ಕೆ ಏಳು ತಾಸು ಆಚೀಚೆ ಹೋದರೂ ನೀನು ಪಾಸು. ಗಣಿತ ಕಲಿಸಿದವಳಾಗಿ ಹೇಳುತ್ತೇನೆ, ನೂರಕ್ಕೆ ನೂರು ತೆಗೆಯಲು ಹೊರಟವರು ಪರೀಕ್ಷೆಯ ಹಾಲಿನಲ್ಲೇ ಕಣ್ಣು ಕತ್ತಲೆ ಬಂದು ಕೂತದ್ದನ್ನು ನೋಡಿದ್ದೇನೆ.

ಇದನ್ನು ನಿಮ್ಮವ್ವನಿಗೂ ಓದಿ ಹೇಳು. ನೀನು ಬಾಗಲಕೋಟೆಯ ಹಾಸ್ಟೆಲಿನಲ್ಲಿ, ಅವಳು ಇಳಕಲ್ಲಿನಲ್ಲಿ, ನಡುವೆ ಫೋನಿನಲ್ಲಿ ನಿನ್ನ ಸಕ್ಕರೆಯ ಗೆರೆ. ಬಾಣ ಮೇಲೆ ತಿರುಗಿದರೆ ‘ಏನ್ ತಿಂದಿ?’, ಕೆಳಗೆ ತಿರುಗಿದರೆ ‘ಯಾಕ್ ತಿನ್ನಲಿಲ್ಲ?’ ಮಗಳು ಕ್ಲಾಸಿನಲ್ಲಿದ್ದಾಳೋ, ಗೆಳತಿಯರ ಜೊತೆ ನಗುತ್ತಿದ್ದಾಳೋ ಅನ್ನುವುದನ್ನು ಆ ಗೆರೆ ಹೇಳುವುದಿಲ್ಲ. ಅವ್ವಂದಿರ ಹೆದರಿಕೆ ನನಗೆ ಗೊತ್ತು. ನಮ್ಮವ್ವ ರಾತ್ರಿ ಎದ್ದು ನನ್ನ ಹಣೆ ಬೆವರಿದೆಯೋ ಎಂದು ಮುಟ್ಟಿ ನೋಡುತ್ತಿದ್ದಳು. ಈಗ ಆ ಕೆಲಸ ಫೋನು ಮಾಡುತ್ತದೆ, ಅವಳಾದರೂ ನಿದ್ದೆ ಮಾಡಲಿ. ಇಬ್ಬರೂ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ. ಇಷ್ಟಕ್ಕಿಂತ ಇಳಿದು ಇಷ್ಟು ನಿಮಿಷ ಮೇಲೆ ಬರದಿದ್ದರೆ ಮಾತ್ರ ಫೋನು, ಏರಿದ್ದು ಇಷ್ಟು ತಾಸು ಇಳಿಯದಿದ್ದರೆ ಮಾತ್ರ ಫೋನು. ಉಳಿದ ಫೋನುಗಳಲ್ಲಿ ಸಕ್ಕರೆಯ ಸುದ್ದಿ ಬೇಡ, ಮಗ್ಗದ ಸುದ್ದಿ, ಮದುವೆಯ ಸುದ್ದಿ ಮಾತಾಡಿ. ಆದರೆ ಸಕ್ಕರೆ ಆ ಮಿತಿ ದಾಟಿದಾಗ ನೀನೂ ಫೋನು ಎತ್ತಬೇಕು. ಎತ್ತದಿದ್ದರೆ ಅವಳು ಮೊದಲ ಬಸ್ಸಿಗೆ ಹಾಸ್ಟೆಲಿಗೆ ಬಂದು ನಿಂತಿರುತ್ತಾಳೆ, ತಪ್ಪು ಅವಳದಲ್ಲ.

ಈಗ ಕೈಯಲ್ಲೇ ಇಟ್ಟುಕೊಳ್ಳಬೇಕಾದ ಮಾತು. ಹನಿಯ ನಳಿಕೆ ಕಟ್ಟಿಕೊಂಡರೆ ಅಂದೆನಲ್ಲ. ಪೆನ್ನಿನಲ್ಲಿ ನೀನು ದಿನಕ್ಕೊಮ್ಮೆ ಉದ್ದಕ್ಕೆ ಕೆಲಸ ಮಾಡುವ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೆ, ಅದು ಮೈಯಲ್ಲಿ ಸಂಗ್ರಹವಾಗಿ ಇರುತ್ತಿತ್ತು. ಪಂಪಿನಲ್ಲಿ ಇರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಒಂದೇ. ಚರ್ಮದೊಳಗಿನ ಸಣ್ಣ ಕೊಳವೆ, ಅಂದರೆ ಕ್ಯಾನುಲಾ, ಮಡಚಿದರೆ, ಬೆವರಿಗೆ ಪಟ್ಟಿ ಬಿಟ್ಟು ಪಂಪಿನ ಕೊಳವೆಯ ಸೆಟ್ ಹೊರಗೆ ಬಂದರೆ, ನಾಲ್ಕೈದು ತಾಸಿನಲ್ಲಿ ಮೈಯಲ್ಲಿ ಇನ್ಸುಲಿನ್ನೇ ಇಲ್ಲದಂತಾಗಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಲು ಶುರುವಾಗುತ್ತದೆ. ಹೊಟ್ಟೆ ತೊಳಸುತ್ತದೆ, ವಾಂತಿ ಬರುತ್ತದೆ. ಮನೆಯವರು ‘ನಿನ್ನೆ ಮದುವಿ ಊಟ ಆಗಿಬರಲಿಲ್ಲ’ ಅನ್ನುತ್ತಾರೆ. ಸಕ್ಕರೆ 250 ದಾಟಿ, ಪಂಪು ಸರಿಮಾಡಲು ನೋಡಿದರೂ ಒಂದೆರಡು ತಾಸಿನಲ್ಲಿ ಇಳಿಯದಿದ್ದರೆ ಸೆಟ್ ಕೆಟ್ಟಿದೆ ಅಂತಲೇ ತಿಳಿ. ಬೆರಳು ಚುಚ್ಚಿ ನೋಡು, ಕೀಟೋನ್ ಪಟ್ಟಿ ನೋಡು, ಪೆನ್ನಿನಲ್ಲಿ ಇನ್ಸುಲಿನ್ ತೆಗೆದುಕೊ, ಆಮೇಲೆ ಹೊಸ ಸೆಟ್ ಹಾಕು. ಮೊದಲು ಪೆನ್ನು, ಆಮೇಲೆ ಸೆಟ್. ಈ ಅನುಕ್ರಮ ತಪ್ಪಿಸಬೇಡ. ವಾಂತಿ ನಿಲ್ಲದಿದ್ದರೆ ಮನೆಮದ್ದು ಹುಡುಕಬೇಡಿ. ಬಾಗಲಕೋಟೆಯ ನವನಗರದಲ್ಲಿ ಬಿ.ವಿ.ವಿ. ಸಂಘದ ವೈದ್ಯಕೀಯ ಕಾಲೇಜಿಗೆ ಸೇರಿದ ಕುಮಾರೇಶ್ವರ ಆಸ್ಪತ್ರೆ ಇದೆ, ಅಂಥ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಬಾಗಿಲಲ್ಲೇ ‘ಟೈಪ್ 1, ಪಂಪು, ಕೀಟೋನ್’ ಅಂತ ಹೇಳಬೇಕು.

ನಮ್ಮ ದೇಶದ ಒಂದು ಅಪಾಯ ಬೇರೆ ಇದೆ. ಇಲ್ಲಿನ ಔಷಧಿ ಅಂಗಡಿಯಲ್ಲಿ ಎರಡು ಬಗೆಯ ಸೀಸೆ ಸಿಗುತ್ತವೆ: ಮಿಲಿಲೀಟರಿಗೆ 40 ಯೂನಿಟ್ಟಿನದು, 100 ಯೂನಿಟ್ಟಿನದು. ಪಂಪಿಗೆ 100ರದ್ದೇ ಬೇಕು, ಅದೂ ಡಾಕ್ಟರು ಬರೆದ ಹೆಸರಿನದ್ದೇ. 40ರದ್ದನ್ನು ತುಂಬಿದರೆ ಪಂಪು ಹತ್ತು ಯೂನಿಟ್ ಬಿಟ್ಟೆ ಅನ್ನುತ್ತದೆ, ಮೈಗೆ ಹೋಗುವುದು ನಾಲ್ಕು. ಸಿರಿಂಜಿನದು ಇನ್ನೂ ಕೆಟ್ಟದ್ದು. ಕೆಂಪು ಮುಚ್ಚಳದ ಸಿರಿಂಜು 40ರ ಸೀಸೆಗೆ, ಕಿತ್ತಳೆ ಮುಚ್ಚಳದ್ದು 100ರ ಸೀಸೆಗೆ. ಪಂಪು ನಿಂತ ರಾತ್ರಿ ಗಡಿಬಿಡಿಯಲ್ಲಿ 100ರ ಸೀಸೆಯಿಂದ ಕೆಂಪು ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಇನ್ಸುಲಿನ್ ಒಳಗೆ ಹೋಗುತ್ತದೆ. ಮನೆಯಲ್ಲಿ ಅಜ್ಜನದ್ದೋ ಕಾಕಾನದ್ದೋ ಕೆಂಪು ಮುಚ್ಚಳದ ಸಿರಿಂಜು ಇದ್ದರೆ ನಿನ್ನ ಡಬ್ಬಿಯ ಹತ್ತಿರವೂ ಇಡಗೊಡಬೇಡ. ಅದಕ್ಕೇ ಪೆನ್ನು ಇಟ್ಟುಕೊ ಅನ್ನುವುದು.

ಮೈಮೇಲೆ ಎಲ್ಲಿ ಹಾಕಬೇಕು ಅನ್ನುವುದನ್ನು ನರ್ಸಮ್ಮ ತೋರಿಸಿರುತ್ತಾರೆ, ಆದರೆ ಅವರು ನಿಮ್ಮ ಮನೆಯವರ ಹಾಗೆ ಕೈಮಗ್ಗದಲ್ಲಿ ಕೂತವರಲ್ಲ. ತಗ್ಗಿನಲ್ಲಿ ಕಾಲು ಇಳಿಬಿಟ್ಟು ಮುಂದೆ ಬಾಗಿ ನೇಯುವಾಗ ಹೊಟ್ಟೆ ಎಲ್ಲಿ ಮಡಚುತ್ತದೆ ನೋಡಿಕೊ, ಆ ಮಡಿಕೆಯಲ್ಲಿ ಬೇಡ. ಲಂಗದ ಲಾಡಿ ಒತ್ತುವ ಕಡೆ ಬೇಡ. ರಜೆಯಲ್ಲಿ ಮಗ್ಗಕ್ಕೆ ಕೂರುವ ದಿನ ಪೃಷ್ಠದ ಮೇಲ್ಭಾಗ ಒಳ್ಳೆಯದು. ಎರಡು-ಮೂರು ದಿನಕ್ಕೊಮ್ಮೆ ಸೆಟ್ ಬದಲಿಸು, ಜಾಗವನ್ನೂ ಬದಲಿಸು. ನೋಯುವುದಿಲ್ಲ ಅಂತ ಒಂದೇ ಕಡೆ ಹಾಕಿದರೆ ಅಲ್ಲಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ. ಹೆಚ್ಚು ದಿನ ಬಾಳುವ ಸೆಟ್ ನಿನ್ನದಾದರೆ ಅದರ ಲೆಕ್ಕ ಅದರದ್ದು. ಸೀರೆ ಉಟ್ಟ ದಿನ ಪಂಪು ನಿರಿಗೆಯ ಮಗ್ಗುಲಿಗೆ ಸಿಕ್ಕಿಸಿದರೆ ಕಾಣುವುದೂ ಇಲ್ಲ. ಕಂಡರೂ ಕಾಣಲಿ. ಹೆಣ್ಣು ನೋಡಲು ಬಂದಾಗ ಬಿಚ್ಚಿಡು ಅಂತ ಹೇಳುವ ಸೋದರತ್ತೆ ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ಚಹಾ ಕೊಟ್ಟು ಕಳಿಸು, ಪಂಪು ಬಿಚ್ಚಬೇಡ.

ಜಳಕಕ್ಕೆ ಬಿಚ್ಚಬಹುದು, ಒಂದು ತಾಸಿನೊಳಗೆ ಮತ್ತೆ ಹಾಕಬೇಕು. ಬಿಸಿಲಿನದು ದೊಡ್ಡ ಮಾತು. ಸೀಸೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡು ಅನ್ನುತ್ತಾರೆ, ಪಂಪಿನೊಳಗಿನ ಇನ್ಸುಲಿನ್ 37 ಡಿಗ್ರಿ ದಾಟಬಾರದು ಅನ್ನುತ್ತಾರೆ; ನಮ್ಮ ಏಪ್ರಿಲ್-ಮೇ ತಿಂಗಳು 40ರ ಹತ್ತಿರ ಕಾಯುತ್ತದೆ. ಬಾದಾಮಿಯ ಗುಹೆಗಳಿಗೆ ಮಧ್ಯಾಹ್ನ ಹತ್ತಿದರೆ ಕೆಂಪು ಬಂಡೆಯೇ ಮೇಲಿನಿಂದ ಕಾವು ಉಗುಳುತ್ತದೆ. ಪಂಪನ್ನು ಬಟ್ಟೆಯೊಳಗೆ ಇಟ್ಟುಕೊ, ಬಸ್ಸಿನ ಕಿಟಕಿಯ ಬಿಸಿಲಿಗೆ ಬಿಡಬೇಡ, ಬೇಸಿಗೆಯಲ್ಲಿ ಪಂಪಿನೊಳಗಿನ ರಿಸರ್ವಾಯರಿಗೆ ಬೇಕಾದಷ್ಟೇ ತುಂಬು. ಕರೆಂಟು ಹೋದ ದಿನ ಒದ್ದೆ ಮಣ್ಣಿನ ಗಡಿಗೆಯೊಳಗೆ ಸೀಸೆ ಇಡುವ ನಮ್ಮ ಹಳೆಯ ಪದ್ಧತಿ ಇವತ್ತಿಗೂ ನಡೆಯುತ್ತದೆ. ಗುಡ್ಡ ಹತ್ತುವ ಒಂದೆರಡು ತಾಸು ಮೊದಲೇ ಪಂಪಿನ ಗುರಿಯನ್ನು 150ಕ್ಕೆ ಏರಿಸುವ ವ್ಯವಸ್ಥೆ ಇದೆ, ಬಳಸು.

ಜ್ವರ ಬಂದಾಗ ಒಂದು ಎಚ್ಚರ. ಕೆಲವು ಸೆನ್ಸರುಗಳು ಪ್ಯಾರಾಸಿಟಮಾಲ್ ಮಾತ್ರೆಯನ್ನು ಸಕ್ಕರೆ ಅಂತ ತಪ್ಪು ತಿಳಿಯುತ್ತವೆ. ಇಲ್ಲದ ಏರಿಕೆ ಕಂಡು ಪಂಪು ಹೆಚ್ಚು ಇನ್ಸುಲಿನ್ ಬಿಡುತ್ತದೆ. ನಮ್ಮಲ್ಲಿ ಆ ಮಾತ್ರೆ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ತಲೆ ನೋವು ಅಂದರೆ ಅಜ್ಜಿಯೇ ತೆಗೆದುಕೊಡುತ್ತಾಳೆ. ನಿನ್ನ ಸೆನ್ಸರ್ ಆ ಜಾತಿಯದೋ ಅಲ್ಲವೋ ಕೇಳಿ ತಿಳಿದುಕೊ. ಎಕ್ಸ್‌ರೇ, ಸ್ಕ್ಯಾನಿಂಗ್ ಕೋಣೆಯೊಳಗೆ ಹೋಗುವ ಮೊದಲು ಪಂಪು ಬಿಚ್ಚಿ ಹೊರಗೆ ಕೊಟ್ಟು ಹೋಗು. ಸೋಮವಾರದ ಉಪವಾಸ, ಶಿವರಾತ್ರಿ ಮಾಡುವುದಾದರೆ ಡಾಕ್ಟರನ್ನು ಕೇಳಿ ಮಾಡು. ಊಟ ಬಿಟ್ಟರೂ ಪಂಪು ಬಿಡುವಂತಿಲ್ಲ.

ದುಡ್ಡಿನ ಮಾತು ಹೇಳದಿದ್ದರೆ ಹಿರಿಯಳಾಗಿ ಏನು ಬಂತು? ಪಂಪಿಗೆ ಲಕ್ಷಗಟ್ಟಲೆ, ಆಮೇಲೆ ತಿಂಗಳು ತಿಂಗಳು ಸೆನ್ಸರು, ಸೆಟ್ಟು. ನಿಮ್ಮಪ್ಪ ಎಷ್ಟು ಸೀರೆ ನೇದು ಇದನ್ನು ತಂದಿದ್ದಾನೆಂದು ನಿನಗೆ ಗೊತ್ತು. ಖರ್ಚು ಉಳಿಸಲು ಸೆಟ್ಟನ್ನು ವಾರಗಟ್ಟಲೆ ಎಳೆಯಬೇಡ, ಸೆನ್ಸರ್ ಇಲ್ಲದೆ ಪಂಪು ತಾನೇ ನೋಡಿಕೊಳ್ಳುತ್ತದೆಂದು ತಿಳಿಯಬೇಡ. ಸೆನ್ಸರ್ ಇಲ್ಲದಾಗ ಅದು ಬರೆದಿಟ್ಟ ಡೋಸು ಕೊಡುವ ಯಂತ್ರ ಅಷ್ಟೇ. ಒಂದು ತಿಂಗಳು ಕೈ ಕಟ್ಟಿತೆಂದರೆ ಬಾಯಿ ಬಿಟ್ಟು ಹೇಳಿ ಪೆನ್ನಿಗೆ ಮರಳು. ಅದರಲ್ಲಿ ಸೋಲೇನೂ ಇಲ್ಲ. ಪೆನ್ನಿನಲ್ಲೇ, ಸಿರಿಂಜಿನಲ್ಲೇ ಅರವತ್ತು ದಾಟಿದವರು ನಮ್ಮ ನಡುವೆ ಇದ್ದಾರೆ.

ಬನಶಂಕರಿ ಜಾತ್ರೆಗೆ ಗೆಳತಿಯರ ಜೊತೆ ಹೋಗುತ್ತೀ ಅಂತ ಕೇಳಿದೆ. ಹೋಗು. ಗುಡಿಯ ಮುಂದೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳ ಹತ್ತಿರ ರೊಟ್ಟಿ, ಝುಣಕ, ಕುಡಿಕೆಯ ಮೊಸರು ಉಣ್ಣು, ಕಂಪನಿ ನಾಟಕ ಬೆಳತನಕ ನೋಡು. ನಡುರಾತ್ರಿ ತಿಂದದ್ದನ್ನೂ ಪಂಪಿಗೆ ಹೇಳು. ಹೋಗುವ ಮೊದಲು ಒಂದು ಕೆಲಸ ಇದೆ. ಪಂಪು ಪೂರ್ತಿ ನಿಂತುಹೋದರೆ ಯಾವ ಪೆನ್ನಿನ ಇನ್ಸುಲಿನ್, ಎಷ್ಟು ಯೂನಿಟ್, ಎಷ್ಟು ಹೊತ್ತಿಗೆ ಅನ್ನುವುದನ್ನು ಡಾಕ್ಟರ ಕೈಯಿಂದ ಒಂದು ಹಾಳೆಯಲ್ಲಿ ಬರೆಸಿಕೊ. ಒಂದು ಪ್ರತಿ ನಿನ್ನ ಚೀಲದಲ್ಲಿ ಪೆನ್ನಿನ ಜೊತೆ, ಒಂದು ಹಾಸ್ಟೆಲಿನಲ್ಲಿ, ಒಂದು ಅವ್ವನ ಹತ್ತಿರ ಇರಲಿ. ಮುಂದಿನ ಭೇಟಿಯಲ್ಲಿ ಬೇರೇನು ಕೇಳಲು ಮರೆತರೂ ಆ ಹಾಳೆ ಬರೆಸದೆ ಎದ್ದು ಬರಬೇಡ.